ತುಂಬಿದ ರೂಮು, ಖಾಲಿ ಗಲ್ಲಾ: ಕೋವಿಡ್ ನಂತರ ಒಂದು ಪ್ರವಾಸಿ ಊರಿನ ಪ್ರಕರಣ

ಈ ಪ್ರಕರಣದ ಊರಿಗೆ ಇಲ್ಲಿ ಹೆಸರಿಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದೆ. ಇದೇ ಬಗೆಯ ಬೇರೆ ಊರುಗಳಲ್ಲಿ ಕಂಡದ್ದನ್ನೂ ಇದರೊಳಗೇ ಬೆರೆಸಿದೆ. ಊರಿನ ಹಣದ ಮೊತ್ತ ಎಲ್ಲೂ ಕೊಟ್ಟಿಲ್ಲ. 2019ನ್ನು 100 ಎಂದು ಹಿಡಿದು ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸಿದೆ.

ಹಿನ್ನೆಲೆ

ಬೆಟ್ಟಗಳ ನಡುವಿನ ಸರೋವರ, ಅದರ ದಂಡೆಯಲ್ಲಿ 140 ಮನೆಗಳು. ಹತ್ತಿರದ ಪಟ್ಟಣಕ್ಕೆ ರಸ್ತೆಯಲ್ಲಿ ಎರಡು ಗಂಟೆ. 38 ಮನೆಗಳವರು ರೂಮು ಬಾಡಿಗೆಗೆ ಕೊಡುತ್ತಿದ್ದರು, ಒಟ್ಟು 160 ರೂಮು. 22 ದೋಣಿ, ಮೂವತ್ತರಷ್ಟು ಗೈಡ್‌ಗಳು. ಉಳಿದ ಮನೆಗಳವರದ್ದು ಅಡುಗೆ, ಬಟ್ಟೆ ಒಗೆತ, ತರಕಾರಿ, ಹೊರೆ ಸಾಗಣೆ, ದೋಣಿ ರಿಪೇರಿ. ಊರಿಗೆ ಬರುವ ನಗದಿನ ಮುಕ್ಕಾಲು ಪಾಲು ನೇರವಾಗಿಯೋ ಸುತ್ತಿಬಳಸಿಯೋ ಪ್ರವಾಸಿಗಳದ್ದೇ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಮಹಾಮಾರಿ ಎಂದು ಹೇಳಿದ ಕೆಲವೇ ದಿನಗಳಲ್ಲಿ ಊರಿನ ರಸ್ತೆ ಮುಚ್ಚಿತು. ಜಗತ್ತಿನಾದ್ಯಂತ ಆ ವರ್ಷ ದೇಶದಿಂದ ದೇಶಕ್ಕೆ ಹೋದ ಪ್ರವಾಸಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ 70ಕ್ಕೂ ಹೆಚ್ಚು ಕುಸಿಯಿತು. ವಿಶ್ವ ಪ್ರವಾಸ ಮತ್ತು ಪ್ರವಾಸೋದ್ಯಮ ಮಂಡಳಿಯ ಲೆಕ್ಕದಂತೆ ಈ ಕ್ಷೇತ್ರದಲ್ಲಿ ಸುಮಾರು 6.2 ಕೋಟಿ ಉದ್ಯೋಗ ಹೋದವು.

ಊರಿನವರು ಎಣಿಸಿದ್ದು ರೂಮಿನ ಬಾಡಿಗೆಯ ನಷ್ಟವನ್ನು. ಮೊದಲು ಪೆಟ್ಟು ಬಿದ್ದದ್ದು ಬೇರೆ ಕಡೆ. ಪಟ್ಟಣಕ್ಕೆ ದಿನಕ್ಕೆ ಮೂರು ಬಸ್ಸು ಓಡುತ್ತಿದ್ದವು. ಅವುಗಳಲ್ಲಿ ಎರಡು ಓಡುತ್ತಿದ್ದುದೇ ಪ್ರವಾಸಿಗಳಿಂದ ಸೀಟು ತುಂಬುತ್ತಿದ್ದುದರಿಂದ. ಲಾಕ್‌ಡೌನ್ ಸಡಿಲಾಗಿ ಶಾಲೆ ತೆರೆದಾಗ ಸಂಜೆಯ ಬಸ್ಸೇ ಇಲ್ಲ. ಪಟ್ಟಣದ ಪ್ರೌಢಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಮರಳುವ ದಾರಿ ಇಲ್ಲ. ಊರಿನ ಒಂದೇ ಔಷಧಿ ಅಂಗಡಿಯೂ ಮುಚ್ಚಿತು, ಏಕೆಂದರೆ ಅದರ ಅರ್ಧ ವ್ಯಾಪಾರ ಹೊರಗಿನವರದ್ದಾಗಿತ್ತು. ಪ್ರವಾಸೋದ್ಯಮದ ಸಾಮಾಜಿಕ ಪಾತ್ರ ಎಂದೊಡನೆ ಸಂಸ್ಕೃತಿ ವಿನಿಮಯದ ಮಾತು ಬರುವುದು ರೂಢಿ. ಇಲ್ಲಿ ಅದು ಸಂಜೆ ಐದರ ಬಸ್ಸಾಗಿತ್ತು. 140 ಮನೆಗಳಿಂದಲೇ ನಡೆಸಲಾಗದ ಸೇವೆಗಳನ್ನು ಪ್ರವಾಸಿಗಳು ತಮಗೇ ಗೊತ್ತಿಲ್ಲದೆ ಹೊತ್ತಿದ್ದರು.

ಹೆಂಗಸರ ಕೈಯ ದುಡ್ಡಿನದ್ದೂ ಇದೇ ಕಥೆ. ಪ್ರವಾಸೋದ್ಯಮದ ದುಡಿಮೆಗಾರರಲ್ಲಿ ಶೇ 54ರಷ್ಟು ಮಹಿಳೆಯರು ಎಂದು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2019ರ ವರದಿಯಲ್ಲಿ ಹೇಳಿತ್ತು. ಈ ಊರಿನಲ್ಲಿ ಅಡುಗೆ ಮತ್ತು ಬಟ್ಟೆ ಒಗೆತ ಪೂರ್ತಿ ಅವರದ್ದೇ. ಲಿಖಿತ ಒಪ್ಪಂದ ಯಾರಿಗೂ ಇರಲಿಲ್ಲ. ಆದ್ದರಿಂದ ಪರಿಹಾರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವರು ಕೆಲಸ ಕಳೆದುಕೊಂಡವರ ಪಟ್ಟಿಗೇ ಸೇರಲಿಲ್ಲ.

ಮೊದಲ ತೀರ್ಮಾನ: ಮುಂಗಡ ಹಣ

ಲಾಕ್‌ಡೌನ್ ಆದಾಗ ಮುಂದಿನ ಎರಡು ತಿಂಗಳ ಬುಕಿಂಗ್‌ನ ಮುಂಗಡ ರೂಮಿನವರ ಕೈಸೇರಿತ್ತು, ಮಾತ್ರವಲ್ಲ, ಚಾವಣಿ ದುರಸ್ತಿಗೋ ಸಾಲದ ಕಂತಿಗೋ ಹೋಗಿಯೂ ಆಗಿತ್ತು. ವಾಪಸ್ ಕೊಡಲು ಹಣವಿಲ್ಲ. ಹಾಗಾಗಿ ‘ಹನ್ನೆರಡು ತಿಂಗಳೊಳಗೆ ಯಾವಾಗ ಬೇಕಾದರೂ ಬನ್ನಿ, ಈ ಹಣ ಜಮೆ’ ಎಂದು ಚೀಟಿ ಕೊಟ್ಟರು. ದೊಡ್ಡ ದೊಡ್ಡ ಪ್ರವಾಸ ಕಂಪನಿಗಳೂ ಆಗ ಮಾಡಿದ್ದು ಇದನ್ನೇ. ಯುರೋಪಿಯನ್ ಆಯೋಗ 2020ರ ಮೇ 13ರಂದು ಇಂಥ ವೋಚರ್‌ಗಳ ಬಗ್ಗೆ ಶಿಫಾರಸು ಹೊರಡಿಸಿ, ಗ್ರಾಹಕ ಒಪ್ಪಿದರೆ ಮಾತ್ರ ಕೊಡಬೇಕು, ಕನಿಷ್ಠ 12 ತಿಂಗಳ ಅವಧಿ ಇರಬೇಕು, ಬಳಸದಿದ್ದರೆ ಹಣ ಹಿಂತಿರುಗಿಸಬೇಕು ಎಂದಿತು.

ಊರಿನ ಚೀಟಿಯಲ್ಲಿ ಬಿಟ್ಟುಹೋದದ್ದು ಒಂದೇ ಸಾಲು: ಯಾವ ದಿನಗಳಿಗೆ ಇದು ನಡೆಯುವುದಿಲ್ಲ ಎಂಬುದು. 2020ರ ಅಕ್ಟೋಬರ್‌ನಲ್ಲಿ ದೇಶದೊಳಗಿನ ಪ್ರವಾಸಕ್ಕೆ ಬಾಗಿಲು ತೆರೆದಾಗ ಚೀಟಿ ಹಿಡಿದವರೆಲ್ಲ ಶನಿವಾರ, ಭಾನುವಾರಕ್ಕೇ ಬಂದರು. ರೂಮು ಭರ್ತಿ, ಹೊಸ ಹಣ ಸೊನ್ನೆ. ಹಾಸಿಗೆ ಒಗೆತ, ಊಟದ ಸಾಮಾನು, ಕರೆಂಟು ಎಲ್ಲದಕ್ಕೂ ಇಂದಿನ ಖರ್ಚು, ಅದಕ್ಕೆ ಎದುರಾಗಿ ಆರು ತಿಂಗಳ ಹಿಂದೆಯೇ ಕರಗಿಹೋದ ಆದಾಯ. ಕೆಲವರು ಈ ಖರ್ಚಿಗೇ ಕೈಸಾಲ ಮಾಡಿದರು. ಚೀಟಿ ಕೊಡುವುದು ತಪ್ಪಲ್ಲ. ಆದರೆ ಅದು ಸಾಲಪತ್ರ ಎಂಬುದನ್ನು ಮರೆತು ಕೊಟ್ಟರೆ ಹೀಗಾಗುತ್ತದೆ. ಬಾಕಿ ಇರುವ ಎಲ್ಲ ಚೀಟಿಗಳ ಮೊತ್ತ ಒಂದೆಡೆ ಬರೆದಿರಬೇಕು, ಒಂದು ವಾರಾಂತ್ಯಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ರೂಮು ಅವಕ್ಕೆ ಹೋಗಬಾರದು, ವಾರದ ನಡುವೆ ಬಂದರೆ ಒಂದು ರಾತ್ರಿ ಹೆಚ್ಚುವರಿ ಎಂಬ ಆಸೆ ತೋರಿಸಬೇಕು. ಎರಡನೇ ಸಲ ಮುಚ್ಚಿದಾಗ, 2021ರಲ್ಲಿ, ಊರು ಹಾಗೇ ಮಾಡಿತು. ಮುಕ್ಕಾಲು ಪಾಲು ಚೀಟಿಗಳು ವಾರದ ನಡುವೆಯೇ ಚುಕ್ತಾ ಆದವು.

ಮುಚ್ಚಿದ ಕಟ್ಟಡ ತೆರೆಯುವಾಗ

ಮತ್ತೆ ತೆರೆಯುವ ಸಿದ್ಧತೆ ಎಂದರೆ ಸ್ಯಾನಿಟೈಸರ್ ಮತ್ತು ಮಾಸ್ಕ್ ಎಂದುಕೊಂಡವರೇ ಹೆಚ್ಚು. ನಿಜವಾದ ಅಪಾಯ ಕೊಳಾಯಿಯೊಳಗೆ ನಿಂತ ನೀರಿನಲ್ಲಿತ್ತು. ತಿಂಗಳುಗಟ್ಟಲೆ ಹರಿಯದ ಪೈಪುಗಳಲ್ಲಿ, ಅದರಲ್ಲೂ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರ್‌ನ ಸಣ್ಣ ಹನಿಗಳ ಜತೆ ಅದು ಶ್ವಾಸಕೋಶ ಸೇರಿದರೆ ತೀವ್ರ ನ್ಯುಮೋನಿಯಾ ಬರಬಹುದು.

ಕೊನೆಗೆ ಎಲ್ಲ ಮನೆಗಳೂ ಒಂದೇ ಕ್ರಮ ಅನುಸರಿಸಿದವು. ಮೊದಲು ಮೇಲಿನ ಟ್ಯಾಂಕ್ ಖಾಲಿ ಮಾಡಿ, ಉಜ್ಜಿ, ಕ್ಲೋರಿನ್ ಹಾಕಿ ತೊಳೆಯುವುದು. ಆಮೇಲೆ ಶವರ್ ತಲೆ ಬಿಚ್ಚಿ, ಒಳಗಿನ ಬಿಳಿ ಸುಣ್ಣದ ಪದರ ತೆಗೆಯುವುದು. ನೀರು ಹನಿಯಾಗಿ ಚಿಮ್ಮದಂತೆ ಪೈಪಿನ ಬಾಯನ್ನು ಬಕೆಟ್‌ಗಿಳಿಸಿ ಹರಿಸುವುದು. ಬಿಸಿನೀರಿನ ಟ್ಯಾಂಕ್ 60 ಡಿಗ್ರಿ ಮುಟ್ಟಬೇಕು, ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ ಅಲ್ಲಿ 50 ಡಿಗ್ರಿ ಬರಬೇಕು. ಈ ಬಿಸಿ ಮೈ ಸುಡುವಂಥದ್ದು, ಆದ್ದರಿಂದ ಅತಿಥಿ ಬರುವ ಮೊದಲು ತಣ್ಣೀರು ಬೆರೆಯುವ ವ್ಯವಸ್ಥೆ ಸರಿಯಿದೆಯೇ ಎಂದು ನೋಡಲೇಬೇಕು. ಅನೇಕ ಮನೆಗಳ ಸೋಲಾರ್ ಹೀಟರ್ ಮೋಡದ ದಿನ 40 ಡಿಗ್ರಿ ದಾಟುತ್ತಿರಲಿಲ್ಲ, ಅಂದರೆ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಬಿಸಿ. ಅಂಥಲ್ಲಿ ವಾರಕ್ಕೊಮ್ಮೆಯಾದರೂ ವಿದ್ಯುತ್ ಕಾಯಿಲ್ ಹಾಕಿ 60ಕ್ಕೆ ಏರಿಸುವ ದಿನ ಗೊತ್ತುಮಾಡಿದರು. ಖಾಲಿ ರೂಮಿನ ನಲ್ಲಿಗಳನ್ನು ವಾರಕ್ಕೊಮ್ಮೆ ತಿರುಗಿಸಿ ಹರಿಸುವ ಪಟ್ಟಿ ಇಂದಿಗೂ ಬಾಗಿಲ ಹಿಂದೆ ನೇತಾಡುತ್ತಿದೆ. ಊಟದ ಕೋಣೆಗೆ ಮಾತ್ರ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಯಂತ್ರ ತಂದರು. ಜನರ ಉಸಿರು ಕೋಣೆಯಲ್ಲಿ ಎಷ್ಟು ನಿಂತಿದೆ ಎಂಬುದಕ್ಕೆ ಅದು ಗುರುತು. 1,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1,000 ಭಾಗ) ದಾಟಿತೆಂದರೆ ಕಿಟಕಿ ತೆರೆಯಬೇಕು, ಅಷ್ಟೇ ನಿಯಮ.

ರಿಯಾಯಿತಿಯ ಹಂಗಾಮು

2021ರ ಮಧ್ಯದಲ್ಲಿ ಎರಡನೇ ಸಲ ತೆರೆದಾಗ ಬಹುತೇಕರು ಬುಕಿಂಗ್ ಆ್ಯಪ್‌ಗಳಲ್ಲಿ ಶೇ 40 ರಿಯಾಯಿತಿ ಹಾಕಿದರು. ‘ರೂಮು ಖಾಲಿ ಇರುವುದಕ್ಕಿಂತ ಇದೇ ವಾಸಿ’ ಎಂಬ ಮಾತು ಕೇಳಲು ಚೆನ್ನ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಬಾಡಿಗೆ 100 ಇದ್ದಾಗ, ಒಂದು ರಾತ್ರಿಗೆ ಒಗೆತ, ಸಾಬೂನು, ಕರೆಂಟು, ಗುಡಿಸುವ ಕೂಲಿ ಸೇರಿ 20 ಖರ್ಚಾದರೆ ಉಳಿಯುವುದು 80. ಬಾಡಿಗೆ 60ಕ್ಕೆ ಇಳಿದರೂ ಖರ್ಚು ಇಳಿಯುವುದಿಲ್ಲ, ಉಳಿಯುವುದು 40. ಹಿಂದಿನಷ್ಟೇ ಉಳಿಯಬೇಕಾದರೆ ಎರಡರಷ್ಟು ರೂಮು ತುಂಬಬೇಕು. ಶೇ 50ರಷ್ಟು ತುಂಬುತ್ತಿದ್ದ ಮನೆಗೆ ಇದು ವರ್ಷವಿಡೀ ಶೇ 100 ಭರ್ತಿ ಎಂದಂತೆ, ಆಗದ ಮಾತು. ಇದರ ಮೇಲೆ ಆ್ಯಪ್‌ನ ಕಮಿಷನ್. ಅದು ಸಾಮಾನ್ಯವಾಗಿ ಶೇ 15ರಿಂದ 25.

ಅದೇ ಹೊತ್ತಿಗೆ ತಿಂಗಳುಗಟ್ಟಲೆ ಮನೆಯೊಳಗೆ ಕೂತಿದ್ದ ಜನ ಕಾರು ಹತ್ತಿ ಹೊರಟರು. ವಾರಾಂತ್ಯದಲ್ಲಿ ಊರಿಗೆ ಬರುವವರ ಸಂಖ್ಯೆ 2019ರ 100ಕ್ಕೆ ಎದುರಾಗಿ 140 ಆಯಿತು. ರೂಮುಗಳ ಒಟ್ಟು ಆದಾಯ ಮಾತ್ರ 55. ಬಂದವರಲ್ಲಿ ಹೆಚ್ಚಿನವರು ಬೆಳಗ್ಗೆ ಬಂದು ಸಂಜೆ ಹೋಗುವವರು. ಬುತ್ತಿ ತಮ್ಮದೇ, ಬಿಟ್ಟುಹೋದದ್ದು ಕಸ.

ಊರಿನ ಸಭೆ ಬಿಸಿಯಾದದ್ದು ಇಲ್ಲಿ. ರೂಮಿಲ್ಲದ ಮನೆಯವರೊಬ್ಬರು ಎತ್ತಿದ ಪ್ರಶ್ನೆ ಸರಳವಾಗಿತ್ತು: ರೋಗ ಬಂದರೆ ಎಲ್ಲರ ಮನೆಗೂ ಬರುತ್ತದೆ, ದುಡ್ಡು ಬಂದರೆ 38 ಮನೆಗೆ ಮಾತ್ರ, ಹಾಗಾದರೆ ನಾವೇಕೆ ಒಪ್ಪಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಪ್ರಕರಣದ ತಿರುವು. 2021ರ ಜುಲೈ 1ರಂದು ಥಾಯ್ಲೆಂಡ್ ಸರ್ಕಾರ ಲಸಿಕೆ ಪಡೆದ ವಿದೇಶಿಗರಿಗೆ ಕ್ವಾರಂಟೈನ್ ಇಲ್ಲದೆ ಫುಕೆಟ್ ದ್ವೀಪ ತೆರೆದಾಗ, ದ್ವೀಪದ ನಿವಾಸಿಗಳಿಗೆ ಲಸಿಕೆಯಲ್ಲಿ ಮೊದಲ ಆದ್ಯತೆ ಕೊಟ್ಟಿತ್ತು. ಅಪಾಯ ಹೊರುವವರಿಗೆ ಮೊದಲ ರಕ್ಷಣೆ ಎಂಬ ಅದೇ ತರ್ಕವನ್ನು ಊರು ಹಣಕ್ಕೂ ಹಚ್ಚಿತು. ಪ್ರತಿ ರೂಮಿನ ಪ್ರತಿ ರಾತ್ರಿಯ ಬಾಡಿಗೆಯಲ್ಲಿ ಶೇ 4 ಸಾಮಾನ್ಯ ನಿಧಿಗೆ ಹೋಗಬೇಕು ಎಂದಾಯಿತು. ಅದರ ಮೊದಲ ಖರ್ಚು ಸಂಜೆಯ ಬಸ್ಸಿನ ಖಾಲಿ ಸೀಟುಗಳಿಗೆ ಗ್ಯಾರಂಟಿ.

ಹಣದ ಜಾಡು ಹಿಡಿದ ಆರು ವಾರ

ಶೇ 4 ಕೊಡಲು ರೂಮಿನವರು ಗೊಣಗಿದರು. ನಮಗೇ ಏನೂ ಉಳಿಯುತ್ತಿಲ್ಲ ಎಂದರು. ಸರಿ, ಎಲ್ಲಿಗೆ ಹೋಗುತ್ತಿದೆ ನೋಡೋಣ ಎಂದು ಆರು ವಾರ ಎಲ್ಲ 38 ಮನೆಗಳಲ್ಲೂ ನಾಲ್ಕು ಅಂಕಣದ ನೋಟ್‌ಪುಸ್ತಕ ಇಟ್ಟರು: ದಿನಾಂಕ, ಎಷ್ಟು, ಯಾವುದಕ್ಕೆ, ಯಾರಿಗೆ. ‘ಯಾರಿಗೆ’ ಅಂಕಣದಲ್ಲಿ ಊರಿನವರಾದರೆ ‘ಒಳಗೆ’, ಅಲ್ಲದಿದ್ದರೆ ‘ಹೊರಗೆ’. ಇಂಥ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಊರಿನ ಅಂಗಡಿಯಲ್ಲಿ ಕೊಂಡದ್ದನ್ನೆಲ್ಲ ‘ಒಳಗೆ’ ಎಂದು ಬರೆದುಬಿಡುತ್ತಾರೆ. ಅಂಗಡಿಯವರು ಆ ಸಾಮಾನನ್ನು ಪಟ್ಟಣದಿಂದ ತಂದಿದ್ದರೆ ಒಳಗೆ ಉಳಿಯುವುದು ಅವರ ಲಾಭವಷ್ಟೇ. ಮೊದಲ ವಾರದ ಪುಸ್ತಕಗಳನ್ನು ಈ ಕಾರಣಕ್ಕೆ ತಿರಸ್ಕರಿಸಿ ಮತ್ತೆ ಬರೆಸಬೇಕಾಯಿತು.

ಕೊನೆಗೆ ಕಂಡದ್ದು ಇದು: ಅತಿಥಿ ಕೊಟ್ಟ 100ರಲ್ಲಿ ಆ್ಯಪ್ ಕಮಿಷನ್ 18, ಪಟ್ಟಣದಿಂದ ಬರುವ ಸಾಮಾನು 24, ಸಾಲದ ಬಡ್ಡಿ ಮತ್ತು ಮನೆಗಳನ್ನು ಗುತ್ತಿಗೆಗೆ ಪಡೆದ ಹೊರಗಿನವರ ಲಾಭ 15, ಇಂಧನ ಮತ್ತು ಕರೆಂಟು 9. ಹೊರಹೋಗುವುದು 66, ಊರಿನಲ್ಲಿ ಉಳಿಯುವುದು 34. ಅಲ್ಲಿಯವರೆಗೆ ಚರ್ಚೆಯೆಲ್ಲ ‘ಇನ್ನಷ್ಟು ಜನರನ್ನು ಕರೆಯುವುದು ಹೇಗೆ’ ಎಂಬುದರ ಸುತ್ತ ಇತ್ತು. ಆ ಹಾಳೆ ಗೋಡೆಗೆ ಅಂಟಿಸಿದ ಮೇಲೆ ಮಾತು 34ನ್ನು ಏರಿಸುವತ್ತ ಹೊರಳಿತು.

ಮಾಡಿದ ಬದಲಾವಣೆ, ಎಡವಿದ ಜಾಗ

ಕಮಿಷನ್ ಉಳಿಸಲು ಐದು ಮನೆಯವರು ಆ್ಯಪ್‌ಗಳಿಂದ ಪೂರ್ತಿ ಹೊರಬಂದರು. ಎರಡು ತಿಂಗಳು ರೂಮು ಖಾಲಿ. ಮೊದಲ ಸಲ ಬರುವವರು ಊರನ್ನು ಕಂಡುಕೊಳ್ಳುವುದೇ ಅಲ್ಲಿ. ಐವರೂ ಮರಳಿದರು. ಆಮೇಲೆ ನಿಂತ ಪದ್ಧತಿ ಹೀಗೆ: ಮೊದಲ ಸಲ ಆ್ಯಪ್ ಮೂಲಕ, ಎರಡನೇ ಸಲ ಫೋನ್ ಮೂಲಕ. ಹೊರಡುವ ಅತಿಥಿಗೆ ನಂಬರ್ ಇರುವ ಕಾರ್ಡ್, ಮುಂದಿನ ಸಲ ನೇರವಾಗಿ ಬಂದರೆ ದೋಣಿ ಸವಾರಿ ಉಚಿತ. ದೋಣಿಯವರಿಗೆ ಆ ದುಡ್ಡು ರೂಮಿನವರೇ ಕೊಡಬೇಕು. ಈ ಕೊನೆಯ ನಿಯಮವಿಲ್ಲದೆ ಶುರುಮಾಡಿದ ಮೊದಲ ತಿಂಗಳು ದೋಣಿಯವರು ಮುಷ್ಕರ ಹೂಡಿದ್ದರು, ನ್ಯಾಯವಾಗಿಯೇ.

ಎಲ್ಲ ಅತಿಥಿಗಳನ್ನೂ ಒಂದೇ ಕೌಂಟರಿನಲ್ಲಿ ಬರಮಾಡಿಕೊಂಡು ಸರದಿಯಂತೆ ಮನೆಗಳಿಗೆ ಹಂಚುವ ಯೋಜನೆಯೂ ನಿಲ್ಲಲಿಲ್ಲ. ಫೋಟೊ ನೋಡಿ ಆರಿಸಿ ಬಂದವರನ್ನು ಬೇರೆ ಮನೆಗೆ ಕಳಿಸಿದರೆ ಅವರು ಒಪ್ಪುವುದಿಲ್ಲ. ಅಚ್ಚುಕಟ್ಟಾಗಿ ಇಟ್ಟುಕೊಂಡವರಿಗೂ ಉದಾಸೀನ ಮಾಡುವವರಿಗೂ ಒಂದೇ ಪಾಲು ಸಿಕ್ಕರೆ ಅಚ್ಚುಕಟ್ಟಿನವರು ಬೇಸತ್ತು ಹೋಗುತ್ತಾರೆ. ಎಂಟು ರೂಮಿಗಿಂತ ಹೆಚ್ಚು ಬೇಕಾದ ಗುಂಪುಗಳಿಗೆ ಮಾತ್ರ ಸರದಿ ಉಳಿಯಿತು.

ಹೊರಗಿನಿಂದ ಬರುತ್ತಿದ್ದ ಸಾಮಾನು ಮತ್ತು ಸೇವೆಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ಒಗೆತ. ರಿಯಾಯಿತಿಯ ಹಂಗಾಮಿನಲ್ಲಿ ಅದು ಪಟ್ಟಣದ ಲಾಂಡ್ರಿಗೆ ಹೋಗತೊಡಗಿತ್ತು. ರೂಮಿಲ್ಲದ ಹದಿನಾಲ್ಕು ಮನೆಗಳ ಹೆಂಗಸರು ಸೇರಿ ಅದನ್ನು ಮರಳಿ ಪಡೆದರು. ಲೆಕ್ಕ ಕಿಲೋ ಮೇಲೆ, ಪಾವತಿ ವಾರಕ್ಕೊಮ್ಮೆ, ಈ ಸಲ ಲಿಖಿತ ಒಪ್ಪಂದ. ಮೊದಲ ಮಳೆಗಾಲದಲ್ಲೇ ಕೆಲಸ ಕೆಟ್ಟಿತು. ಪ್ರತಿ ಹಾಸಿಗೆಗೆ ಎರಡು ಜೊತೆ ಚಾದರ ಇದ್ದವು: ಒಂದು ಹಾಸಿದ್ದು, ಇನ್ನೊಂದು ಒಗೆಯಲು ಹೋದದ್ದು. ಒಗೆದದ್ದು ಒಣಗದಿದ್ದರೆ ಹಾಸಲು ಏನೂ ಇಲ್ಲ. ಹಾಸಿಗೆ ಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು, ಹೀಗೆ ಮೂರು ಜೊತೆ ಕನಿಷ್ಠ, ಮಳೆಗಾಲಕ್ಕೆ ನಾಲ್ಕು. ಈ ಬಂಡವಾಳವನ್ನು ಸಾಮಾನ್ಯ ನಿಧಿ ಕೊಟ್ಟಿತು, ರೂಮಿನವರು ಕಂತಿನಲ್ಲಿ ತೀರಿಸಿದರು.

ಹಗಲು ಪ್ರವಾಸಿಗಳ ವಿಚಾರಕ್ಕೆ ಎರಡು ಅಭಿಪ್ರಾಯವಿತ್ತು. ಕೆಲವರು ದುಬಾರಿ ಪ್ರವೇಶ ಶುಲ್ಕ ಹಾಕೋಣ ಎಂದರು. ಭೂತಾನ್ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದಾಗ ವಿದೇಶಿ ಪ್ರವಾಸಿಗಳ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ರಾತ್ರಿಗೆ 65ರಿಂದ 200 ಡಾಲರ್‌ಗೆ ಏರಿಸಿತ್ತು, ಒಂದು ವರ್ಷದೊಳಗೆ 100ಕ್ಕೆ ಇಳಿಸಬೇಕಾಯಿತು. ಇಡೀ ದೇಶಕ್ಕೇ ಇಷ್ಟು ತೂಗಾಡಬೇಕಾದ ಕಡೆ ಒಂದು ಸಣ್ಣ ಊರು ಬೆಲೆಯಿಂದ ಜನರನ್ನು ಅಳೆಯಹೊರಡುವುದು ಕಷ್ಟ. ಹಾಗಾಗಿ ಊರು ನೀರಿನಿಂದ ಅಳೆಯಿತು. ಸಾರ್ವಜನಿಕ ಶೌಚಾಲಯದ ಟ್ಯಾಂಕ್ ದಿನಕ್ಕೆ ತುಂಬುವುದು 5,000 ಲೀಟರ್. ಒಬ್ಬರು ಎರಡು ಸಲ ಬಳಸಿದರೆ ಕೈತೊಳೆಯುವುದೂ ಸೇರಿ ಸುಮಾರು 20 ಲೀಟರ್. ಕಾರಿಗೆ ನಾಲ್ವರಂತೆ 60 ಕಾರಿಗೆ 240 ಜನ, 4,800 ಲೀಟರ್. ಮಿತಿ 60 ಕಾರು ಎಂದು ಬೋರ್ಡು ಹಾಕಿದರು, ಪಕ್ಕದಲ್ಲೇ ಈ ಲೆಕ್ಕವನ್ನೂ ಬರೆದರು. ಲೆಕ್ಕ ಕಾಣುವಂತಿದ್ದರೆ ಜಗಳ ಕಡಿಮೆ. ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ಎಂಬ ನಿಯಮವೂ ಜತೆಗೆ ಬಂತು.

ಗೈಡ್‌ಗಳ ಕೊರತೆಯನ್ನು ಮಾತ್ರ ಯಾರೂ ಊಹಿಸಿರಲಿಲ್ಲ. 2022ರಲ್ಲಿ ವಿದೇಶಿಗರು ಮರಳತೊಡಗಿದಾಗ ಅನುಭವಿಗಳಲ್ಲಿ ಅರ್ಧದಷ್ಟು ಜನ ಕಟ್ಟಡ ಕೆಲಸಕ್ಕೆಂದು ನಗರ ಸೇರಿದ್ದರು. ಹೆಚ್ಚು ದಿನಗೂಲಿಯ ಆಸೆಗೆ ಯಾರೂ ಬರಲಿಲ್ಲ. ಪ್ರವಾಸಿಗಳಿಲ್ಲದ ತಿಂಗಳಲ್ಲೂ 15 ದಿನದ ಕೂಲಿ ಖಚಿತ, ಬದಲಿಗೆ ದಾರಿ ದುರಸ್ತಿ ಮತ್ತು ದೋಣಿ ಬಣ್ಣದ ಕೆಲಸ ಎಂದ ಮೇಲೆ ಒಂಬತ್ತು ಮಂದಿ ಮರಳಿದರು. ಉಳಿದವರು ಬರಲಿಲ್ಲ, ಆ ಅನುಭವ ಊರಿಗೆ ಹೋದಂತೆಯೇ.

ಸಾಮಾನ್ಯ ನಿಧಿಗೆ ನಿಜವಾದ ಪರೀಕ್ಷೆ ಭೂಕುಸಿತದ ರೂಪದಲ್ಲಿ ಬಂತು. ರಸ್ತೆ ಐದು ವಾರ ಬಂದ್. ನಿಧಿಯಿಂದ ಸಾಲ ಕೊಡುವಾಗ ರೂಮಿನ ಸಂಖ್ಯೆಗೆ ತಕ್ಕಂತೆ ಹಂಚಿದ್ದರಿಂದ ಹತ್ತು ರೂಮಿನವರಿಗೆ ಹೆಚ್ಚು, ಒಗೆತದವರಿಗೆ ಏನೂ ಇಲ್ಲ ಎಂದಾಯಿತು. ನಿಯಮ ತಿದ್ದಿದರು: ಮೊದಲ ಕಂತು ಪ್ರವಾಸಿಗಳನ್ನು ನಂಬಿದ ಪ್ರತಿ ಮನೆಗೂ ಸಮ, ಎರಡನೆಯದು ಮಾತ್ರ ರೂಮಿನ ಲೆಕ್ಕಕ್ಕೆ. ನಿಧಿಯಲ್ಲಿ ಮೂರು ತಿಂಗಳ ಕಡ್ಡಾಯ ಖರ್ಚಿನಷ್ಟು ಸೇರುವವರೆಗೆ ಬೇರೆ ಯಾವ ಕೆಲಸಕ್ಕೂ ಮುಟ್ಟುವಂತಿಲ್ಲ, ಬಸ್ಸಿನ ಗ್ಯಾರಂಟಿ ಹೊರತು.

2024ರ ಕೊನೆಗೆ

ವಿಶ್ವ ಮಟ್ಟದಲ್ಲಿ ಅಂತರರಾಷ್ಟ್ರೀಯ ಪ್ರವಾಸ 2024ರಲ್ಲಿ ಸುಮಾರು 140 ಕೋಟಿ ಮುಟ್ಟಿ 2019ರ ಮಟ್ಟಕ್ಕೆ ಹೆಚ್ಚುಕಡಿಮೆ ಮರಳಿತು. ಈ ಊರಿಗೆ ಬಂದವರು 2019ರ 100ಕ್ಕೆ ಎದುರಾಗಿ 83. ಆದರೆ ಸರಾಸರಿ ವಾಸ 1.9 ರಾತ್ರಿಯಿಂದ 2.1ಕ್ಕೆ ಏರಿದ್ದರಿಂದ ಒಟ್ಟು ರಾತ್ರಿಗಳು ಸುಮಾರು 92. ನೋಟ್‌ಪುಸ್ತಕದ ಲೆಕ್ಕವನ್ನು ಮತ್ತೆ ಆರು ವಾರ ಮಾಡಿದಾಗ ಕಮಿಷನ್ 10, ಹೊರಗಿನ ಸಾಮಾನು 17, ಬಡ್ಡಿ ಮತ್ತು ಗುತ್ತಿಗೆ ಲಾಭ 15, ಇಂಧನ 11. ಊರಿನಲ್ಲಿ ಉಳಿದದ್ದು 47. ಇಂಧನ ಏರಿದ್ದಕ್ಕೆ ಒಗೆತದ ಯಂತ್ರಗಳೂ ಕಾರಣ. ಬಸ್ಸು ಮೂರೂ ಓಡುತ್ತಿವೆ. ಔಷಧಿ ಅಂಗಡಿ ವಾರಕ್ಕೆ ನಾಲ್ಕು ದಿನ ತೆರೆಯುತ್ತದೆ.

ಇಷ್ಟರಲ್ಲೂ ಅಲುಗದ ಅಂಕಿ ಎಂದರೆ ಆ 15. ಅದರಲ್ಲಿ ಹೆಚ್ಚಿನದು ಗುತ್ತಿಗೆ ಮನೆಗಳದ್ದು. 38 ಮನೆಗಳಲ್ಲಿ 11 ಈಗ ಹೊರಗಿನವರ ಕೈಯಲ್ಲಿವೆ, ಅವುಗಳಲ್ಲಿ 9ಕ್ಕೆ ಸಹಿ ಬಿದ್ದದ್ದು 2020 ಮತ್ತು 2021ರಲ್ಲಿ, ಸಾಲದ ಕಂತು ಕಟ್ಟಲಾಗದ ತಿಂಗಳುಗಳಲ್ಲಿ, ಹತ್ತು ವರ್ಷಕ್ಕೆ ಒಂದೇ ಗಂಟು ಹಣಕ್ಕೆ. ಆಗ ಮೂರು ತಿಂಗಳ ಕಂತಿನಷ್ಟು ಕೈಸಾಲ ಸಿಕ್ಕಿದ್ದರೆ ಅವುಗಳಲ್ಲಿ ಹೆಚ್ಚಿನವು ಉಳಿಯುತ್ತಿದ್ದವು. ನಿಧಿಗೆ ಮೂರು ತಿಂಗಳ ಮಿತಿ ಇಟ್ಟದ್ದು ಈ ಲೆಕ್ಕ ನೋಡಿಯೇ. ಹೊಸ ಗುತ್ತಿಗೆಗಳಿಗೆ ಈಗ ಎರಡು ಷರತ್ತು: ಅವಧಿ ಮೂರು ವರ್ಷ ಮೀರಬಾರದು, ಮುಗಿದಾಗ ಮೊದಲು ಕೇಳಬೇಕಾದದ್ದು ಊರಿನ ಸಂಘವನ್ನು. ಹಳೆಯ ಒಂಬತ್ತಕ್ಕೆ ಇದು ಅನ್ವಯಿಸುವುದಿಲ್ಲ. ಅವು 2030 ಮತ್ತು 2031ರಲ್ಲಿ ಮುಗಿಯುತ್ತವೆ. ನಾಲ್ಕು ಅಂಕಣದ ಪುಸ್ತಕಕ್ಕೆ ಐದನೆಯದೊಂದು ಸೇರಿದೆ, ಆ ಮನೆಗಳನ್ನು ಮರಳಿ ಪಡೆಯಲು ಪ್ರತಿ ತಿಂಗಳು ಎತ್ತಿಡುವ ಮೊತ್ತಕ್ಕೆ.